ಅರಿವಿನ ಬಾಗಿಲು ಯಾರಿಗೆ?

ಶಿವಮೊಗ್ಗದ ವಿನೋಬನಗರ ಯಾರ ಹೆಸರನ್ನು ಹೊತ್ತಿದೆಯೋ ಆ ವಿನೋಬಾ ಭಾವೆ, 1932ರಲ್ಲಿ ಧುಲೆ ಜೈಲಿನ ಸಹಕೈದಿಗಳಿಗೆ ಭಗವದ್ಗೀತೆಯನ್ನು ಮರಾಠಿಯಲ್ಲಿ ತಿಳಿಯಾಗಿ ಬಿಡಿಸಿ ಹೇಳಿದರು. ಅದಕ್ಕೂ ಶತಮಾನಗಳ ಹಿಂದೆ, 12ನೇ ಶತಮಾನದಲ್ಲಿ, ಇದೇ ಜಿಲ್ಲೆಯ ಶರಣರಾದ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಜನರಾಡುವ ಕನ್ನಡದಲ್ಲೇ ಅನುಭಾವವನ್ನು ನುಡಿದಿದ್ದರು. ಅರಿವು ಎಲ್ಲರದ್ದು ಎಂದಮೇಲೆ ಅದನ್ನು ತಲುಪುವ ದಾರಿಯೂ ಎಲ್ಲರದ್ದಾಗಬೇಡವೇ?

ಈ ಪ್ರಶ್ನೆ ಈಗ ಜಾಲತಾಣಗಳ ಮುಂದಿದೆ.

ದೇವಸ್ಥಾನದ ಸೇವಾಪಟ್ಟಿಯ ಫೋಟೊವನ್ನಷ್ಟೇ ಜಾಲತಾಣಕ್ಕೆ ಏರಿಸಿದರೆ, ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಅಂಧ ಭಕ್ತರಿಗೆ ‘ಗ್ರಾಫಿಕ್’ ಎಂದು ಹೇಳಿ ಮುಂದೆ ಸಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಬರಹವಂತೂ ಕಣ್ಣಿಗೆ ಕನ್ನಡ, ಕಿವಿಗೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅದೇ ಪಟ್ಟಿಯನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಸೇವೆಯ ಹೆಸರು, ಸಮಯ, ದರ ಎಲ್ಲವೂ ಕಿವಿಗೆ ಸ್ಪಷ್ಟ. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಅನುಪಾತದ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇದ್ದರೆ ದೃಷ್ಟಿ ಮಂದವಾದ ಹಿರಿಯರಿಗೂ ಓದು ಹಗುರ.

ಹೀಗೆ ಎಲ್ಲರಿಗೂ ತಲುಪುವಂತೆ ಮಾಡುವುದು ದಯೆಯೋ, ಹೊಣೆಯೋ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕಾಗಿ ಕಾಣುತ್ತದೆ. ಶರಣರ ದಾಸೋಹದಲ್ಲಿ ಕೊಡುವವನಿಗೆ ದಾನಿಯೆಂಬ ಹಮ್ಮೇ ಇಲ್ಲ. ಕೊಡುವುದು ಅವನ ಕರ್ತವ್ಯ. ಆ ಪರಂಪರೆಯನ್ನು ನೆನೆಯುವ ಮಠ, ದೇವಸ್ಥಾನಗಳು ತಮ್ಮ ಪುಟಗಳನ್ನು ಪ್ರಕಟಿಸುವ ಮೊದಲೇ ಅಂಧ ಬಳಕೆದಾರರಿಂದ ಪರೀಕ್ಷೆ ಮಾಡಿಸಿ, ಅವರು ತೋರಿಸಿದ ತೊಡಕುಗಳನ್ನು ಸರಿಪಡಿಸಬೇಕು.