ಬೆಟ್ಟದ ಆತಿಥ್ಯಕ್ಕೂ ಮಿತಿಯುಂಟು

ದಾರಿಹೋಕರ ದಣಿವು ನೀಗಿಸುವುದು ಪುಣ್ಯದ ಕೆಲಸವೆಂದು ನಮ್ಮ ನಾಡಿನ ಎಲ್ಲ ಸಮುದಾಯಗಳೂ ನಂಬಿಕೊಂಡು ಬಂದಿವೆ. ಅರವಟ್ಟಿಗೆ, ಛತ್ರ, ಸರಾಯಿಗಳು ಆ ನಂಬಿಕೆಯ ಗುರುತುಗಳು. ಹಾಗಿರುವಾಗ, ಚಾರಣದ ಹಾದಿಯಲ್ಲಿ ಶೌಚಾಲಯ, ತಂಗುದಾಣ, ಅಂಗಡಿ ಬೇಕೆನ್ನುವವರಿಗೆ ಇಲ್ಲವೆನ್ನುವ ನೈತಿಕ ಅಧಿಕಾರ ಯಾರಿಗಿದೆ?

ಕುಮಾರಪರ್ವತವನ್ನೇ ನೋಡೋಣ. ಕುಕ್ಕೆ ಸುಬ್ರಹ್ಮಣ್ಯದಿಂದ ಕಾಡಿನ ನಡುವೆ ಏರುವ ಹಾದಿ 1,712 ಮೀಟರ್ ಎತ್ತರದ ಶಿಖರ ಮುಟ್ಟುತ್ತದೆ. ನಡುವೆ ಗಿರಿಗದ್ದೆಯ 'ಭಟ್ಟರ ಮನೆ' ದಶಕಗಳ ಕಾಲ ಹಸಿದು ಬಂದವರಿಗೆ ಅನ್ನ ಬಡಿಸಿತು. 2024ರ ಜನವರಿ ಕೊನೆಯ ರಜಾದಿನಗಳಲ್ಲಿ ಸಾವಿರಾರು ಮಂದಿ ಒಮ್ಮೆಲೇ ಬೆಟ್ಟಕ್ಕೆ ನುಗ್ಗಿದರು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರಕಾರ ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆನ್‌ಲೈನ್ ಟಿಕೇಟು ಬಂತು. ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು.

ಬಂದವರನ್ನು ಬಾಗಿಲಲ್ಲೇ ತಡೆಯುವುದು ಆತಿಥ್ಯವೇ ಎಂದು ಕೆಲವರು ಕೇಳಬಹುದು. ಆದರೆ ಮನೆಯ ಯಜಮಾನನಿಗೆ ಅಕ್ಕಿ ಮುಗಿಯಿತೆಂದು ಹೇಳಲು ನಾಲಗೆಯಿದೆ, ಬೆಟ್ಟಕ್ಕಿಲ್ಲ. ಅದರ ಪರವಾಗಿ ಯಾರಾದರೂ ಸಾಕು ಎನ್ನಲೇಬೇಕು. ಸೌಲಭ್ಯ ಹೆಚ್ಚಿದಂತೆ ಜನ ಹೆಚ್ಚುತ್ತಾರೆ, ಜನ ಹೆಚ್ಚಿದಂತೆ ಇನ್ನಷ್ಟು ಸೌಲಭ್ಯ ಬೇಕಾಗುತ್ತದೆ. ಕುಮಾರಧಾರಾ ನದಿ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಮೇಲೆ ನಾವು ಬಿಟ್ಟುಬಂದ ಹೊಲಸು ಕೆಳಗೆ ಕುಕ್ಕೆಯಲ್ಲಿ ಮೀಯುವವರ ಮೈಮೇಲೆ ಹರಿಯುತ್ತದೆ.

ಹಾಗೆಂದು ಎಲ್ಲ ಸೌಲಭ್ಯವೂ ಭೋಗವಲ್ಲ. ಶೌಚಕ್ಕೆ ಮರೆಯಿಲ್ಲವೆಂಬ ಅಂಜಿಕೆಯಿಂದ ನಮ್ಮ ಹೆಣ್ಣುಮಕ್ಕಳು ನೀರನ್ನೇ ಕುಡಿಯದೆ ಬಿಸಿಲಲ್ಲಿ ಬೆಟ್ಟ ಹತ್ತಬೇಕಾದರೆ, ಅದನ್ನು ಪ್ರಕೃತಿಪ್ರೇಮವೆಂದು ಕರೆಯಲು ನಾವು ಸಿದ್ಧರಿಲ್ಲ. ತಪ್ಪಲಿನಲ್ಲೂ ನಡುದಾರಿಯಲ್ಲೂ ಕುಡಿಯುವ ನೀರು ಮತ್ತು ಶೌಚಾಲಯ ಇರಲಿ, ಅದರ ಕೊಳಕು ತೊರೆಗೆ ಸೇರದಿರಲಿ. ಆದರೆ ಶಿಖರದಲ್ಲಿ ಅಂಗಡಿ, ಫೋಟೊ ತೆಗೆಯುವ ಕಟ್ಟೆ ಏಕೆ? ಅಗತ್ಯ ಯಾವುದು, ಚಪಲ ಯಾವುದು ಎಂಬುದು ದಣಿದ ಕಾಲಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮಿತಿಯೂ ನ್ಯಾಯವಾಗಿರಬೇಕು. ಬೆರಳ ತುದಿಯಲ್ಲಿ ಟಿಕೇಟು ಪಡೆಯಬಲ್ಲ ನಗರದವನಿಗೆ ಮಾತ್ರ ಬೆಟ್ಟ ದಕ್ಕಿ, ತಪ್ಪಲಿನ ಹಳ್ಳಿಯ ಕೂಲಿಯ ಮಗ ಕೆಳಗೇ ನಿಲ್ಲುವಂತಾದರೆ, ನಾವು ಕಾಡನ್ನು ಉಳಿಸಿದ್ದು ಯಾರಿಗಾಗಿ? ಆ 300ರಲ್ಲಿ ಕೆಲವು ಜಾಗಗಳನ್ನಾದರೂ ಬರಿಗೈಯಲ್ಲಿ ಬರುವವರಿಗೆ ಕಾದಿರಿಸಬೇಕು. ಅರವಟ್ಟಿಗೆಯಲ್ಲಿ ನೀರು ಕೊಡುವವರು ಬಾಯಾರಿಕೆಯನ್ನಷ್ಟೇ ನೋಡುತ್ತಿದ್ದರು.