ಬಿಚ್ಚಿ ಒಯ್ದ ಊರು

ಟ್ಯುನಿಸ್ಸಿನಲ್ಲಿ ಹುಡುಗನಾಗಿದ್ದಾಗ ಕಂಡ ಒಂದು ನೋಟವನ್ನು ಇತಿಹಾಸಕಾರ ಇಬ್ನ್ ಖಲ್ದೂನ್ ತನ್ನ ‘ಮುಕದ್ದಿಮಾ’ದಲ್ಲಿ ಬರೆದಿಟ್ಟಿದ್ದಾನೆ. ಪಕ್ಕದ ಹಾಳೂರು ಕಾರ್ತೇಜಿಗೆ ರೋಮನ್ನರು ಝಗ್ವಾನ್ ಬೆಟ್ಟದ ಬುಗ್ಗೆಗಳಿಂದ ನೂರು ಕಿಲೋಮೀಟರಿಗೂ ಉದ್ದದ ಕಾಲುವೆ ತಂದಿದ್ದರು. ಅದನ್ನು ಹೊತ್ತ ಕಮಾನುಗಳ ಕಲ್ಲೆಂದರೆ ಟ್ಯುನಿಸ್ಸಿನ ಗೌಂಡಿಗಳಿಗೆ ಬಲು ಇಷ್ಟ. ಗೋಡೆಯ ಒಂದು ಚೂರು ಕೀಳಲು ದಿನಗಟ್ಟಲೆ ಹೆಣಗಬೇಕು, ಅದಕ್ಕಾಗಿಯೇ ಜನ ಗುಂಪುಗೂಡುತ್ತಿದ್ದರು. ಇವನ್ನು ಕಟ್ಟಿದವರು ದೈತ್ಯರಿರಬೇಕು ಎಂಬ ಮಾತನ್ನು ಅವನು ಒಪ್ಪಲಿಲ್ಲ. ನಮ್ಮಂಥ ಆಳುಗಳೇ ಕಟ್ಟಿದ್ದು, ಸಂಖ್ಯೆ ಹೆಚ್ಚಿತ್ತು, ಯಂತ್ರಗಳಿದ್ದವು, ಬೆನ್ನಿಗೆ ರಾಜ್ಯದ ಬಲವಿತ್ತು ಎಂದ.

ಕಾರ್ತೇಜನ್ನು ಕ್ರಿ.ಪೂ. 146ರಲ್ಲಿ ರೋಮನ್ನರು ಸುಟ್ಟರು, ಮುಂದೆ ತಾವೇ ಕಟ್ಟಿದರು, 698ರಲ್ಲಿ ಅದು ಅರಬರ ಕೈ ಸೇರಿತು. ಇವೆಲ್ಲ ಪಾಠದ ಪುಸ್ತಕದ ಸಾವುಗಳು. ಊರನ್ನು ನಿಜಕ್ಕೂ ಖಾಲಿ ಮಾಡಿದವರು ಮನೆ ಕಟ್ಟಿಕೊಳ್ಳಬೇಕಾಗಿದ್ದ ನೆರೆಹೊರೆಯವರು. ಅದರ ಕಂಬಗಳು ಇಂದು ಟ್ಯುನಿಸ್ಸಿನ ಝೈತೂನಾ ಮಸೀದಿಯಲ್ಲಿ ಭಾರ ಹೊತ್ತು ನಿಂತಿವೆ. ಕಾರ್ತೇಜ್ ನೋಡಲು ಹೋದವರು ಅರ್ಧ ಊರನ್ನು ಟ್ಯುನಿಸ್ಸಿನಲ್ಲೇ ನೋಡಬೇಕು.

ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರುಗಳನ್ನು ನೋಡುವ ಬಗೆಯೂ ಇದೇ. ಕೊರ್ತಿ–ಕೋಲ್ಹಾರ ಸೇತುವೆಯ ಮೇಲೆ ನಿಂತರೆ ಕಾಣುವುದು ಬರೀ ನೀರು. ಊರು ಬೇಕೆಂದರೆ ಪುನರ್ವಸತಿ ಕೇಂದ್ರಕ್ಕೆ ಹೋಗಬೇಕು. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಅಡಿಗಲ್ಲು ಬಿತ್ತು. 519.60 ಮೀಟರಿನವರೆಗೆ ನೀರು ನಿಲ್ಲುವ ಹೊತ್ತಿಗೆ ಒಂದು ತಲೆಮಾರೇ ಕಳೆದಿತ್ತು. ಅಷ್ಟರಲ್ಲಿ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದ್ದರು. ತೊಲೆ, ಜಂತಿ, ಕಂಬ, ತಲಬಾಗಿಲು ಎಲ್ಲ ಚಕ್ಕಡಿ, ಟ್ರ್ಯಾಕ್ಟರ್ ಹತ್ತಿದವು. ಇವತ್ತಿಗೂ ಆ ಕೇಂದ್ರಗಳಲ್ಲಿ ಸಿಮೆಂಟಿನ ಸಣ್ಣ ಮನೆಗೆ ಅಜ್ಜನ ಕಾಲದ ಕೆತ್ತನೆಯ ಬಾಗಿಲು ಕೂತಿರುವುದು ಕಣ್ಣಿಗೆ ಬೀಳುತ್ತದೆ. ಗೋಡೆಗಿಂತ ಬಾಗಿಲಿಗೇ ಗತ್ತು ಹೆಚ್ಚು. ಒಯ್ಯಲು ಬಾರದವೂ ಇದ್ದವು: ಜೋಳ ತುಂಬುವ ಹಗೇವು, ಬಾವಿ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಎರೆಹೊಲ.

ನಿಮ್ಮ ಊರು ಯಾವಾಗ ಮುಳುಗಿತು ಎಂದು ಅಲ್ಲಿಯ ಹಿರಿಯರೊಬ್ಬರನ್ನು ಕೇಳಿದೆ. “ಮುಳಗಾಕ ಅಲ್ಲೇನ್ ಉಳದಿತ್ರೀ? ಎಲ್ಲಾ ಬಿಚ್ಚಿ ತಂದ ಮ್ಯಾಲ ನೀರ ಬಂತು” ಎಂದರು.

ಅನಿತ್ಯದ ಮಾತು ಬಂದಾಗಲೆಲ್ಲ ನಾವು ಕಾಲನನ್ನು ಕರೆಯುತ್ತೇವೆ. ಅವನನ್ನು ಪ್ರಶ್ನಿಸುವವರಿಲ್ಲ, ಅದಕ್ಕೇ ಅವನು ಅನುಕೂಲದವನು. ಆದರೆ ಈ ಊರುಗಳನ್ನು ಕಾಲ ನುಂಗಿತು ಎಂದರೆ ಅದು ಅರ್ಧ ಸುಳ್ಳು. ಇಲ್ಲಿ ನೋಟಿಸು ಇತ್ತು, ಪರಿಹಾರದ ಫೈಲು ಇತ್ತು, ನೀರಿಗೊಂದು ಮಟ್ಟ ಇತ್ತು.

ಘಟಪ್ರಭೆಯ ದಂಡೆಯಲ್ಲಿ, ಇನ್ನೂ ಮೇಲಕ್ಕೆ, ಮುಧೋಳ. 949ರಲ್ಲಿ ರನ್ನ ಹುಟ್ಟಿದ ಊರು. ಬಳೆಗಾರರ ಮನೆಯ ಹುಡುಗ ಚಾಳುಕ್ಯರ ಆಸ್ಥಾನಕ್ಕೆ ಏರಿದ. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ತನ್ನವರ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ, ಒಬ್ಬೊಬ್ಬರ ಮುಂದೆಯೂ ನಿಂತು ಗೋಳಾಡಿ ಕಡೆಗೆ ವೈಶಂಪಾಯನ ಸರೋವರದ ನೀರೊಳಗೆ ಅಡಗುತ್ತಾನೆ. ಭೀಮನ ಮೂದಲಿಕೆ ತಡೆಯಲಾರದೆ ಎದ್ದುಬರುತ್ತಾನೆ. ಇದೇ ಹೊಳೆಯ ಕೆಳಗಿನ ಊರುಗಳ ಅಡಿಪಾಯಗಳೂ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೇಳುತ್ತವೆ. ಅವನ್ನು ಮೂದಲಿಸಿ ಎಬ್ಬಿಸುವವರು ಯಾರೂ ಇಲ್ಲ, ಅಷ್ಟೇ ವ್ಯತ್ಯಾಸ.

ರನ್ನನ ಓಲೆಗರಿಗಳೂ ಉಳಿಯಲಿಲ್ಲ. ಗರಿ ಹುಳ ಹಿಡಿಯುವ ಮೊದಲು ಯಾರೋ ಕೂತು ಇನ್ನೊಂದು ಗರಿಗೆ ಇಳಿಸಿಕೊಂಡರು, ಅದು ಹಾಳಾಗುವ ಮೊದಲು ಮತ್ತೊಬ್ಬರು. ಮುಧೋಳದ ಘೋರ್ಪಡೆ ಅರಸರಿಗಿಂತ ಅವರು ಸಾಕಿದ ಬೇಟೆನಾಯಿಯ ಹೆಸರು ಇಂದು ಹೆಚ್ಚು ಜನರ ಬಾಯಲ್ಲಿದೆ. ಅರಮನೆಯನ್ನು ಬೀಗ ಹಾಕಿ ಕಾಪಾಡಬಹುದು, ನಾಯಿಯನ್ನು ಹಾಗೆ ಆಗುವುದಿಲ್ಲ. ಪ್ರತಿ ಸಲವೂ ಮರಿ ಹಾಕಿಸಬೇಕು.

ರಾಜವಂಶವೊಂದು ಮೂರು ತಲೆಮಾರು ಬಾಳುವುದೇ ಹೆಚ್ಚು, ತಲೆಮಾರಿಗೆ ನಲವತ್ತರಂತೆ ನೂರಿಪ್ಪತ್ತು ವರ್ಷ ಎಂದು ಇಬ್ನ್ ಖಲ್ದೂನ್ ಲೆಕ್ಕ ಹಾಕಿದ್ದ. ಜಮಖಂಡಿ ಸಂಸ್ಥಾನ 1811ರಲ್ಲಿ ಶುರುವಾಗಿ 1948ರ ಮಾರ್ಚ್ 8ಕ್ಕೆ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ಅಲ್ಲಿನ ಪಟವರ್ಧನ ಅರಸರಿಗೆ ಹದಿನೇಳು ವರ್ಷ ಲಾಭವೇ ಆಯಿತು. ರಾಮತೀರ್ಥದ ಗುಡ್ಡದ ಮೇಲೆ ಅವರ ಅರಮನೆ ಇನ್ನೂ ಇದೆ. ಅದರ ಕಲ್ಲು ಯಾರಿಗೂ ಬೇಕಾಗಿಲ್ಲ ಎಂಬುದೇ ಅದಕ್ಕೆ ಕಾವಲು ಎಂದು ನನ್ನ ಗುಮಾನಿ.

ರಬಕವಿ–ಬನಹಟ್ಟಿಯ ಓಣಿಗಳಲ್ಲಿ ಈ ಗುಮಾನಿ ಗಟ್ಟಿಯಾಗುತ್ತದೆ. ಕುಣಿಮಗ್ಗದ ಜಾಗಕ್ಕೆ ಪವರ್‌ಲೂಮ್ ಬಂದು ಎಷ್ಟೋ ಕಾಲವಾಯಿತು, ಓಣಿಯ ಸದ್ದೇ ಬದಲಾಗಿದೆ. ನೇಯ್ದ ಸೀರೆ ಉಟ್ಟು, ಒಗೆದು, ಸವೆದ ಮೇಲೆ ಈ ಕಡೆ ಅದನ್ನು ಎಸೆಯುವುದಿಲ್ಲ, ಹರಿದು ಪದರ ಪದರ ಇಟ್ಟು ಕೌದಿ ಹೊಲಿಯುತ್ತಾರೆ. ಟ್ಯುನಿಸ್ ಕೂಡ ಕಾರ್ತೇಜಿನ ಕೌದಿಯೇ. ಆದರೆ ಕೌದಿ ಹೊಲಿಯುವವಳು ತನ್ನದೇ ಸೀರೆ ಹರಿಯುತ್ತಾಳೆ, ಯಾವಾಗ ಹರಿಯಬೇಕೆಂದು ತಾನೇ ತೀರ್ಮಾನಿಸುತ್ತಾಳೆ. ಮುಳುಗಡೆಯವರಿಗೆ ಆ ಹಕ್ಕು ಇರಲಿಲ್ಲ. ಅನಿತ್ಯವನ್ನು ಒಪ್ಪಿಕೊಳ್ಳಿ ಎಂದು ಅವರಿಗೆ ಉಪದೇಶ ಮಾಡುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಈಗ ಇನ್ನೊಂದು ಮಟ್ಟ ಬಂದಿದೆ. ಅಣೆಕಟ್ಟಿನಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಆ ಗೆರೆಯೊಳಗೆ ಬರುವ ಊರುಗಳಲ್ಲಿ ಮದುವೆ, ಮನೆ ರಿಪೇರಿ ಎಲ್ಲಕ್ಕೂ ಅದರದೇ ಲೆಕ್ಕ. ಆದರೂ ಮಹಾನವಮಿಗೆ ಗೋಡೆಗೆ ಸುಣ್ಣ ಬೀಳುವುದು ತಪ್ಪುವುದಿಲ್ಲ. ಅಂಥದೊಂದು ಮನೆಯ ಮುಂದೆ ಹೊಸ ತಗಡಿನ ಚಪ್ಪರ ಏರುತ್ತಿತ್ತು. ಯಜಮಾನ ಕೆಳಗೆ ನಿಂತು ಮೇಲೆ ಹತ್ತಿದ ಹುಡುಗನಿಗೆ ಕೂಗುತ್ತಿದ್ದ: “ಮೊಳಿ ಬಡೀಬ್ಯಾಡೋ ತಮ್ಮಾ, ಬೋಲ್ಟ್ ಹಾಕು. ನಾಳೆ ಬಿಚ್ಚಾಕ ಬರಬೇಕು.”