ಕಡಲು ಕೊಟ್ಟ ಕಡ

ಬೇಲೂರ ಚೆನ್ನಿಗರಾಯಾ, ಊರಿಗೆ ಬಂದು ಮೂರು ದಿನವಾಯಿತು. ಇವತ್ತು ನಿನ್ನ ಮುಂದೆ ನಿಂತಿದ್ದೇನೆ. ಕಾಲ ಕೆಳಗಿನ ಕಲ್ಲು ಇನ್ನೂ ಹಡಗಿನಂತೆ ತೂಗುತ್ತಿದೆ. ಮಂಗಳಾರತಿ ಮುಗಿಯುವವರೆಗೆ ನನ್ನ ಮಾತು ಕೇಳಿಸಿಕೋ.

ನಾನು ಗೆಂಡೆಹಳ್ಳಿಯವಳು. ಸಮುದ್ರವೆಂದರೆ ನನಗೆ ಹಳೇಬೀಡಿನ ಕೆರೆ. ಕೆರೆಯನ್ನೇ ಸಮುದ್ರವೆಂದು ಕರೆದು, ರಾಜಧಾನಿಗೂ ದೋರಸಮುದ್ರವೆಂದು ಹೆಸರಿಟ್ಟ ನಾಡು ನಮ್ಮದು. ಅಂಥವಳನ್ನು ಈ ವಯಸ್ಸಿನಲ್ಲಿ ಅಟ್ಲಾಂಟಿಕ್ ದಾಟಿಸಿದೆಯಲ್ಲ, ತಂದೆ!

ಕಾಫಿ ಹಣ್ಣಾಗುವ ಕಾಲ. ತೋಟ ಬಿಟ್ಟು ಹೊರಡಲು ಮನಸ್ಸಿರಲಿಲ್ಲ. ಮಗಳು ಟಿಕೆಟ್ ಮಾಡಿಸಿಬಿಟ್ಟಿದ್ದಳು. ಕಡಲು ದಾಟಬಾರದು ಎನ್ನುತ್ತಿದ್ದ ಅಜ್ಜಿಯ ಮಾತೂ ಕಿವಿಯಲ್ಲಿತ್ತು. ಆಗ ನಿನ್ನ ಮೆಟ್ಟು ನೆನಪಾಯಿತು. ನೀನು ಮೆಟ್ಟು ಮೆಟ್ಟಿಕೊಂಡು ಬಾಬಾಬುಡನ್ ಗಿರಿಗೆ, ದೇವಿಯ ಬಳಿಗೆ ನಡೆದು ಹೋಗುತ್ತೀಯಂತೆ. ಅದು ಸವೆದರೆ ಹೊಸ ಜೋಡು ಹೊಲಿದು ಒಪ್ಪಿಸುತ್ತಿದ್ದರಂತೆ. ತಿರುಗುವ ದೇವರು ತಿರುಗುವವಳ ಮೇಲೆ ಮುನಿಯಲಾರ ಎಂದು ಧೈರ್ಯ ತಂದುಕೊಂಡೆ.

ಲಿಸ್ಬನ್‌ನಲ್ಲಿ ಹಡಗು ಹತ್ತುವ ಮುಂಚೆ ಬೆಲೇಂ ಎಂಬಲ್ಲಿಗೆ ಹೋದೆವು. ಬೇಲೂರು ಬಿಟ್ಟು ಬಂದು ಬೆಲೇಂ! ನಗು ಬಂತು. ಅಲ್ಲಿನ ಮಠ ನಿನ್ನ 1117ರ ಗುಡಿಗಿಂತ ನಾಲ್ಕು ನೂರು ವರ್ಷದಷ್ಟು ಕಿರಿಯದು. ಹಡಗಿನ ಹಗ್ಗವನ್ನು ಕಲ್ಲಿನಲ್ಲಿ ಹೊಸೆದಿದ್ದಾರೆ. ಒಳಗೆ ವಾಸ್ಕೋ ಡ ಗಾಮನ ಸಮಾಧಿ. 1497ರಲ್ಲಿ ಅಲ್ಲಿಂದಲೇ ಹೊರಟವನು. ಮರಳುವಾಗ ನಮ್ಮ ಕಾರವಾರದ ಹತ್ತಿರದ ಅಂಜದೀವದಲ್ಲಿ ತಂಗಿದ್ದವನು. ಅವನ ಹಿಂದೆ ಬಂದ ಹಡಗುಗಳು ಮೆಣಸು ಒಯ್ದವು, ಮೆಣಸಿನಕಾಯಿ ತಂದವು. ಜೊತೆಗೆ ಮಾಡಿದ ಕೇಡಿನ ಲೆಕ್ಕ ನಿನಗೇ ಬಿಟ್ಟಿದ್ದು.

ನಾನು ಅಡುಗೆಮನೆಯ ಲೆಕ್ಕ ಹಾಕಿದೆ. ಮೆಣಸಿನಕಾಯಿ, ಟೊಮೆಟೊ, ಮುಸುಕಿನ ಜೋಳ, ಸೀಬೆ, ಪರಂಗಿ, ಎಲ್ಲ ಅಟ್ಲಾಂಟಿಕ್‌ನ ಆಚೆ ದಡದವು. ನಮ್ಮ ಹಾಸನದ ಆಲೂಗಡ್ಡೆ ಎಂದು ಬೀಗುತ್ತಿದ್ದೆ, ಅದೂ ಅಲ್ಲಿಯದೇ. ಪರಂಗಿ ಹಣ್ಣಂತೂ ತಾನು ಹೊರಗಿನದೆಂದು ಹೆಸರಿನಲ್ಲೇ ಹೇಳಿಕೊಳ್ಳುತ್ತಿತ್ತು. ನಾನು ಕೇಳಿಸಿಕೊಂಡಿರಲಿಲ್ಲ. ನನಗಿಂತ ಮೊದಲೇ ನನ್ನ ಸಾರು ಕಡಲು ದಾಟಿತ್ತು.

ನಡುಗಡಲಿನ ಫುಂಚಾಲ್‌ನಲ್ಲಿ ಒಂದು ದಿನ ನಿಂತೆವು. ಗುಡ್ಡಕ್ಕೆ ಕಲ್ಲಿನ ಒಡ್ಡು ಕಟ್ಟಿ ಬಾಳೆ ಬೆಳೆದಿದ್ದರು. ಅದನ್ನು ದಾಟಿದ ಮೇಲೆ ನೆಲವೇ ಇಲ್ಲ. ಪಡುವಣಕ್ಕೆ ಹೋದಂತೆ ಹೊತ್ತು ಹಿಂದೆ ಬೀಳುತ್ತದಂತೆ. ನಾಲ್ಕು ರಾತ್ರಿ ಹಡಗಿನವರು ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಕೇಳದೆಯೇ ನೀನು ಕೊಟ್ಟೆ, ನಾಲ್ಕು ಗಂಟೆ. ಮಲಗಿ ಕಳೆಯಲು ಮನಸ್ಸಾಗಲಿಲ್ಲ. ಡೆಕ್ಕಿನ ಮೇಲೆ ಶಾಲು ಹೊದ್ದು ಕೂತೆ.

ಮೊದಲನೆಯ ಗಂಟೆ ನಮ್ಮ ಯಜಮಾನರಿಗೆ. ಅವರು ಬೆಳೆದ ಕಾಫಿ ಹಡಗು ಹತ್ತಿತು, ಅವರು ಹತ್ತಲಿಲ್ಲ.

ಎರಡನೆಯದು ಒಂದು ಸಸಿಗೆ. ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದ ಕಥೆ ಕೇಳಿಯೇ ಬೆಳೆದವಳು ನಾನು. ಇದೇ ಕಡಲಿನ ಮೇಲೆ 1720ರ ದಶಕದಲ್ಲಿ ದ ಕ್ಲಿಯೂ ಎಂಬ ಫ್ರೆಂಚ್ ಅಧಿಕಾರಿ ಮಾರ್ಟಿನಿಕ್ ದ್ವೀಪಕ್ಕೆ ಕಾಫಿ ಸಸಿ ಒಯ್ದ. ಕುಡಿಯುವ ನೀರು ತೀರುತ್ತ ಬಂದಾಗ ತನ್ನ ಪಾಲನ್ನು ಅದಕ್ಕೆ ಎರೆದನಂತೆ.

ಮೂರನೆಯದು ಹಡಗಿನ ತಳದಲ್ಲಿ ಸಾಗಿದವರಿಗೆ. ಆಚೆ ದಡದ ಕಬ್ಬು, ಕಾಫಿ, ಹತ್ತಿಯ ತೋಟಗಳಿಗೆಂದು ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನು ಸರಪಳಿ ಬಿಗಿದು ತುಂಬಿದರು. ಸುಮಾರು 18 ಲಕ್ಷ ಜನ ದಾರಿಯಲ್ಲೇ ತೀರಿಕೊಂಡರು. ಗಿಡಕ್ಕೆ ಸಿಕ್ಕ ಕರುಣೆ ಅವರಿಗೆ ಸಿಗಲಿಲ್ಲ. ಅವರ ಹೆಸರು ನನಗೆ ಗೊತ್ತಿಲ್ಲ. ನಿನಗೆ ಗೊತ್ತು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆ.

ಆಗಲೇ ನಮ್ಮ ತೋಟದ ಕೆಲಸದವರ ಲೈನ್ ಮನೆಗಳು ಕಣ್ಣಿಗೆ ಕಟ್ಟಿದವು. ನಮ್ಮಲ್ಲಿ ಸರಪಳಿಯಿಲ್ಲ, ನಿಜ. ಆದರೆ ಸೋರುವ ಮಾಡನ್ನು ಮುಂದಿನ ವರ್ಷ, ಮುಂದಿನ ವರ್ಷ ಎಂದು ಎಷ್ಟು ಮಳೆಗಾಲ ತಳ್ಳಿದೆ! ಕ್ಷಮಿಸು ತಂದೆ. ಅಷ್ಟು ದೂರ ಕರೆದೊಯ್ದು ನಮ್ಮ ಹಿತ್ತಲನ್ನು ತೋರಿಸಿದೆ.

ನಾಲ್ಕನೆಯದು ನಮ್ಮ ಕೋಣೆ ಗುಡಿಸುತ್ತಿದ್ದ ಮಂಗಳೂರು ಕಡೆಯ ಹುಡುಗನಿಗೆ. “ಊಟ ಸೇರ್ತದಾ ಅಮ್ಮಾ?” ಎಂದು ದಿನವೂ ಕೇಳುತ್ತಿದ್ದ. ಅವನನ್ನು ಬೇಗ ಅವನ ತಾಯಿಯ ಕಣ್ಣಿಗೆ ತೋರಿಸು.

ಆಚೆ ದಡದ ಸ್ಯಾನ್ ಹ್ವಾನ್‌ನಲ್ಲಿ ನೆಲ ಕಂಡಿತು. 1539ರಲ್ಲಿ ಕಟ್ಟತೊಡಗಿದ ಕೋಟೆ ಮೊದಲು ಕಂಡಿತು. ನೆಲಕ್ಕೆ ಕೈ ಮುಗಿದೆ. ಅಂಗಡಿಯಲ್ಲಿ ಪರಂಗಿ ಹಣ್ಣು ಇಟ್ಟಿದ್ದರು. ಅಲ್ಲಿ ಅದು ಪರಂಗಿಯಲ್ಲ, ಆ ದಡದ್ದೇ. ಪರಂಗಿಯವಳು ನಾನು.

ವಿಮಾನದಲ್ಲಿ ಮರಳುವಾಗ ಆ ನಾಲ್ಕು ಗಂಟೆಯನ್ನೂ ನೀನು ವಾಪಸು ಇಸಕೊಂಡೆ. ಬಡ್ಡಿ ಕೇಳಲಿಲ್ಲ. ಕಟ್ಟುವುದು ನನ್ನ ಧರ್ಮ. ನಾಳೆ ಹೆಂಚಿನ ಲಾರಿ ಬರುತ್ತದೆ. ಮಾಡು ಹತ್ತುವವರ ಕಾಲು ಜಾರದಂತೆ ನೋಡಿಕೋ.

ತೀರ್ಥ ಕೊಡುತ್ತಿದ್ದಾರೆ. ಕೈ ಒಡ್ಡಿದ್ದೇನೆ. ಇಷ್ಟು ನೀರು ಸಾಕು ನನಗೆ.